ಚಂದ್ರವಳ್ಳಿಗೆ ಹಡಗು ಬರ್ತಿತ್ತಾ?

ಕೋಟೆ ಕೆಳಗಿನವ, ಚಿತ್ರದುರ್ಗ

ಹೋದ ಭಾನುವಾರ ಮಗಳನ್ನು ಚಂದ್ರವಳ್ಳಿಗೆ ಕರೆದುಕೊಂಡು ಹೋಗಿದ್ದೆ. ನಾಲ್ಕನೇ ಕ್ಲಾಸು ಅವಳು. ಕೆರೆ ಹತ್ತಿರ ಕೂತು ಮಂಡಕ್ಕಿ ತಿನ್ನುವಾಗ, ಅಪ್ಪನಿಗೂ ಸ್ವಲ್ಪ ಗೊತ್ತಿದೆ ಅಂತ ತೋರಿಸಿಕೊಳ್ಳೋಣ ಅನಿಸಿತು. 'ಇಲ್ಲಿ ಅಗೆದಾಗ ರೋಮ್ ಚಕ್ರವರ್ತಿಯ ಬೆಳ್ಳಿ ನಾಣ್ಯ ಸಿಕ್ಕಿತ್ತು ಪುಟ್ಟಿ' ಅಂದೆ. ಅವಳು ಕೆರೆ ಕಡೆ ನೋಡಿದಳು. ನನ್ನ ಕಡೆ ನೋಡಿದಳು. 'ಹಾಗಾದ್ರೆ ಹಡಗು ಈ ಕೆರೆಗೆ ಬರ್ತಿತ್ತಾ?' ಅಂದಳು.

ನಕ್ಕುಬಿಟ್ಟೆ. ಆದರೆ ಸರಿಯಾದ ಉತ್ತರ ಕೊಡೋಕೆ ಬರಲಿಲ್ಲ. ದುರ್ಗದಿಂದ ಪಡುಗಡಲಿಗೆ ನೇರ ಗೆರೆ ಎಳೆದರೂ ಸುಮಾರು 200 ಕಿ.ಮೀ. ಆಗುತ್ತದೆ. ನಡುವೆ ಘಟ್ಟ ಬೇರೆ. ಟಿವಿಯಲ್ಲಿ ದ್ವಾರಕೆಯ ನೀರಿಗೆ ಇಳಿಯುವವರನ್ನು ತೋರಿಸುತ್ತಾರೆ. ಈ ನೀರೊಳಗಿನ ಇತಿಹಾಸ ಹುಡುಕುವುದು ಹೇಗೆ? ನಮ್ಮ ಕರಾವಳಿಯ ಹೆಸರು ಯಾಕೆ ಅಷ್ಟಾಗಿ ಕೇಳಿಬರಲ್ಲ? ದುರ್ಗಕ್ಕೂ ಇದಕ್ಕೂ ಏನಾದರೂ ಸಂಬಂಧ ಇದೆಯಾ? ತಿಳಿದವರು ಹೇಳಿ. ಮಗಳು ದಿನಾ ಕೇಳುತ್ತಿದ್ದಾಳೆ.

ಬೆಣ್ಣೆದೋಸೆ, ದಾವಣಗೆರೆ

ಬಂದಿದ್ದರೂ ಬಂದಿರಬಹುದು ಸ್ವಾಮಿ. ನಮ್ಮ ಕಡೆ ಕೆರೆ ಕಟ್ಟಿದ ಕೂಡಲೇ ಸಮುದ್ರ ಅಂತ ಹೆಸರಿಟ್ಟುಬಿಡುತ್ತಾರೆ. ಭೀಮಸಮುದ್ರ ಇದೆ. ಸೂಳೆಕೆರೆಗೆ ಶಾಂತಿಸಾಗರ. ಮಾರಿಕಣಿವೆಗೆ ವಾಣಿವಿಲಾಸ ಸಾಗರ. ಇಷ್ಟೆಲ್ಲ ಸಾಗರ ಇಟ್ಟುಕೊಂಡು ಒಂದು ಬಂದರು ಇಲ್ಲ ಅಂದ್ರೆ ನಮ್ಮ ತಪ್ಪೇ.

ಹಿರಿಯೂರು ಮೇಷ್ಟ್ರು

ನಗೆಚಾಟಿಕೆ ಇರಲಿ, ಹುಡುಗಿಯ ಪ್ರಶ್ನೆ ಒಳ್ಳೆಯದು. ನಾನು ಇತಿಹಾಸ ಪಾಠ ಮಾಡಿ ನಿವೃತ್ತನಾದವನು. ಸ್ವಲ್ಪ ಉದ್ದ ಬರೆಯುತ್ತೇನೆ, ಬೇಜಾರು ಮಾಡಿಕೊಳ್ಳಬೇಡಿ.

ಚಂದ್ರವಳ್ಳಿಯನ್ನು ಅಗೆದವರು ಮೈಸೂರು ಪುರಾತತ್ವ ಇಲಾಖೆಯ ಎಂ.ಎಚ್. ಕೃಷ್ಣ. ಆಮೇಲೆ 1947ರಲ್ಲಿ ಮಾರ್ಟಿಮರ್ ವೀಲರ್ ಬಂದರು. ಅದೇ ವರ್ಷ ಮೊಳಕಾಲ್ಮೂರು ತಾಲ್ಲೂಕಿನ ಬ್ರಹ್ಮಗಿರಿಯನ್ನೂ ಅಗೆದರು. ಈಗ ಕೇಳಿ: ಅಷ್ಟು ದೊಡ್ಡ ಅಧಿಕಾರಿ, ಇಡೀ ದೇಶದ ಪುರಾತತ್ವ ಇಲಾಖೆಯ ಮುಖ್ಯಸ್ಥ, ನಮ್ಮ ಬಯಲುಸೀಮೆಗೆ ಯಾಕೆ ಬಂದರು? ಕಾರಣ ಇರುವುದು ಸಮುದ್ರದ ದಂಡೆಯಲ್ಲಿ.

1945ರಲ್ಲಿ ಅವರು ಪುದುಚೇರಿ ಹತ್ತಿರದ ಅರಿಕಮೇಡು ಎಂಬ ಹಳೆಯ ಬಂದರನ್ನು ಅಗೆದಿದ್ದರು. ಅಲ್ಲಿ ಇಟಲಿಯ ಅರೆಟ್ಸೊ ಊರಿನ ಕೆಂಪು ಮಣ್ಣಿನ ಪಾತ್ರೆ ಚೂರುಗಳು ಸಿಕ್ಕವು. ಆ ಪಾತ್ರೆ ಯಾವ ಕಾಲದ್ದು ಅಂತ ಯುರೋಪಿನಲ್ಲಿ ಮೊದಲೇ ಗೊತ್ತಿತ್ತು: ಕ್ರಿಸ್ತಶಕದ ಆರಂಭದ ಆಸುಪಾಸು. ಅದರ ಜೊತೆಯಲ್ಲೇ ಇನ್ನೊಂದು ನಯವಾದ ತಟ್ಟೆ ಸಿಕ್ಕಿತು. ಒಳಗಡೆ ತಳದಲ್ಲಿ ಸಣ್ಣ ಸಣ್ಣ ಗೀರುಗಳ ಉಂಗುರ. ರೌಲೆಟೆಡ್ ಪಾತ್ರೆ ಅನ್ನುತ್ತಾರೆ. ಎರಡೂ ಒಟ್ಟಿಗೆ ಸಿಕ್ಕಿದ್ದರಿಂದ ತಟ್ಟೆಗೂ ಒಂದು ಕಾಲ ಸಿಕ್ಕಿತು.

ಹಳೆಯ ವಸ್ತುವಿನ ವಯಸ್ಸು ಹೇಳುವ ಕಾರ್ಬನ್ ಪರೀಕ್ಷೆ ಆಗ ಇನ್ನೂ ಬಂದಿರಲಿಲ್ಲ. ದಕ್ಷಿಣ ಭಾರತದಲ್ಲಿ ಎಲ್ಲಿ ನೋಡಿದರೂ ಕಲ್ಲುಚಪ್ಪಡಿಯ ಗೋರಿಗಳು, ಆದರೆ ಅವು ಸಾವಿರ ವರ್ಷ ಹಳೆಯವೋ ಎರಡು ಸಾವಿರವೋ ಹೇಳುವವರಿಲ್ಲ. ಆ ಗೋರಿ ಕಟ್ಟಿದವರೂ ಈ ತಟ್ಟೆಯೂ ರೋಮನ್ ನಾಣ್ಯವೂ ಒಂದೇ ಕಡೆ ಮಣ್ಣಿನ ಪದರದಲ್ಲಿ ಮೇಲೆ ಕೆಳಗೆ ಸಿಗುವ ಜಾಗ ವೀಲರ್‌ಗೆ ಬೇಕಿತ್ತು. ಅದು ಸಿಕ್ಕಿದ್ದು ನಮ್ಮ ಜಿಲ್ಲೆಯಲ್ಲಿ. ಎರಡೂ ಕಡೆ ಆ ತಟ್ಟೆಯ ಚೂರು ಸಿಕ್ಕವು. ಚಂದ್ರವಳ್ಳಿಯಲ್ಲಿ ಅಗಸ್ಟಸ್, ಟೈಬೀರಿಯಸ್ ಕಾಲದ ಬೆಳ್ಳಿ ನಾಣ್ಯಗಳು, ಶಾತವಾಹನರ ನಾಣ್ಯಗಳು. ಬಂದರಿನ ಗಡಿಯಾರ ನೋಡಿ ಬಯಲುಸೀಮೆಯ ಗಡಿಯಾರಕ್ಕೆ ಕೀ ಕೊಟ್ಟ ಹಾಗೆ.

ಹೀಗಾಗಿ ನಿಮ್ಮ ಮಗಳಿಗೆ ಹೇಳಿ: ಹಡಗು ಬರಲಿಲ್ಲ, ಹಡಗಿನ ಸರಕು ಬಂತು. ದಂಡೆಯಲ್ಲಿ ಇಳಿದದ್ದು ಹೇರೆತ್ತಿನ ಬೆನ್ನೇರಿ ಘಟ್ಟ ಹತ್ತಿತು.

ಕೋಟೆ ಕೆಳಗಿನವ

ಮೇಷ್ಟ್ರೇ, ಇಷ್ಟು ವರ್ಷ ದುರ್ಗದಲ್ಲಿದ್ದು ಇದು ನನಗೆ ಗೊತ್ತಿರಲಿಲ್ಲ! ಹಾಗಾದರೆ ಆ ತಟ್ಟೆಯೂ ರೋಮ್‌ನಿಂದ ಬಂದದ್ದಾ?

ಹಿರಿಯೂರು ಮೇಷ್ಟ್ರು

ವೀಲರ್ ಹಾಗೇ ತಿಳಿದಿದ್ದರು. ಅಲ್ಲಿ ಅವರು ಎಡವಿದರು. ಮಣ್ಣಿನ ಪರೀಕ್ಷೆ ಆದ ಮೇಲೆ ಅದು ನಮ್ಮ ದೇಶದಲ್ಲೇ ಮಾಡಿದ್ದು ಅಂತ ಆಯಿತು. ಗಂಗೆಯ ಕೆಳಗಿನ ಬಯಲಿನ ಕಡೆ ಬೆರಳು ತೋರಿಸುತ್ತಾರೆ. ಅದೇ ತರಹದ ಚೂರುಗಳು ಇಂಡೋನೇಷ್ಯಾದ ಬಾಲಿಯಲ್ಲೂ ಸಿಕ್ಕಿವೆ. ಬ್ರಹ್ಮಗಿರಿಯ ಮಣ್ಣಿನಲ್ಲಿದ್ದ ತಟ್ಟೆಯ ಅಕ್ಕತಂಗಿಯರು ಸಮುದ್ರ ದಾಟಿ ಬಾಲಿಗೆ ಹೋಗಿದ್ದಾರೆ. ನನಗೇನೋ ರೋಮ್‌ಗಿಂತ ಈ ಕಥೆಯೇ ಚೆನ್ನ.

ನೀರಿಗಿಳಿದವಳು (ಊರು ದಾವಣಗೆರೆ, ಕೆಲಸ ಕಾರವಾರ)

ಮೇಷ್ಟ್ರು ದಂಡೆಯವರೆಗೆ ತಂದು ಬಿಟ್ಟಿದ್ದಾರೆ, ನಾನು ನೀರಿಗೆ ಇಳಿಸುತ್ತೇನೆ. ನಾನು ಪುರಾತತ್ವದವಳಲ್ಲ. ಮುರುಡೇಶ್ವರದ ಹತ್ತಿರ ನೇತ್ರಾಣಿ ದ್ವೀಪದಲ್ಲಿ ಸ್ಕೂಬಾ ಕಲಿತೆ. ಆಮೇಲೆ ಹುಚ್ಚು ಹಿಡಿದು ಓದಿದೆ.

ಮೊದಲು ಒಂದು ಮಾತು. ಟಿವಿಯಲ್ಲಿ ತೋರಿಸುವ ಹಾಗೆ ನೀಲಿ ನೀರಿನಲ್ಲಿ ಅರಮನೆ ಕಂಬ ಕಾಣುವುದಿಲ್ಲ. ನದಿ ಸೇರುವ ಕಡೆ ಕೈ ಚಾಚಿದರೆ ಬೆರಳು ಕಾಣಲ್ಲ. ಮಳೆಗಾಲದಲ್ಲಿ ಇಳಿಯುವ ಮಾತೇ ಇಲ್ಲ. ಕೆಳಗೆ ಮಾತಾಡೋಕೆ ಆಗಲ್ಲ, ಸನ್ನೆ ಅಷ್ಟೇ. ಆಳ ಜಾಸ್ತಿ ಆದಷ್ಟೂ ಇರುವ ನಿಮಿಷ ಕಡಿಮೆ. ಗಾಳಿಯ ನೈಟ್ರೋಜನ್ ರಕ್ತದಲ್ಲಿ ಕರಗುತ್ತದೆ, ದಡಬಡ ಮೇಲೆ ಬಂದರೆ ಸೋಡಾ ಬಾಟಲಿ ತೆಗೆದ ಹಾಗೆ ಗುಳ್ಳೆ ಏಳುತ್ತದೆ. ಹೊಲದಲ್ಲಿ ಅಗೆಯುವವರು ಒಂದು ಗುಂಡಿಯ ಪಕ್ಕ ಇಡೀ ದಿನ ಕೂತು ಯೋಚಿಸಬಹುದು. ನೀರಲ್ಲಿ ಇಪ್ಪತ್ತು ನಿಮಿಷಕ್ಕೆ ಅಳತೆ, ಚಿತ್ರ, ಫೋಟೋ ಎಲ್ಲ ಮುಗಿಸಬೇಕು.

ಅದಕ್ಕೇ ಮೊದಲು ದೋಣಿಯಿಂದ ಸೋನಾರ್ (ಶಬ್ದ ಕಳಿಸಿ ಪ್ರತಿಧ್ವನಿ ಹಿಡಿಯುವ ಯಂತ್ರ) ಎಳೆದುಕೊಂಡು ಹೋಗಿ ತಳದ ನಕ್ಷೆ ಮಾಡುತ್ತಾರೆ. ಕಬ್ಬಿಣ ಇದೆಯಾ ಅಂತ ಮ್ಯಾಗ್ನೆಟೋಮೀಟರ್ ಹೇಳುತ್ತದೆ. ಅನುಮಾನ ಬಂದ ಜಾಗಕ್ಕೆ ಮಾತ್ರ ಮನುಷ್ಯರು. ಮರಳು ತೆಗೆಯೋಕೆ ಸಲಿಕೆ ಅಲ್ಲ, ಏರ್‌ಲಿಫ್ಟ್: ಒಂದು ಉದ್ದ ಕೊಳವೆಯ ಕೆಳಗಿನ ಬಾಯಿಗೆ ಗಾಳಿ ಬಿಟ್ಟರೆ ಅದು ಮೇಲೇರುವಾಗ ಮರಳನ್ನೂ ಎಳೆದುಕೊಂಡು ಹೋಗುತ್ತದೆ. ಸಿಕ್ಕ ವಸ್ತುವನ್ನು ಮೇಲೆ ತಂದ ಕೂಡಲೇ ಕೆಲಸ ಮುಗಿಯಲ್ಲ, ಶುರುವಾಗುತ್ತದೆ. ಒಳಗೆ ಸೇರಿದ ಉಪ್ಪು ಬಿಡಿಸೋಕೆ ಸಿಹಿನೀರಿನಲ್ಲಿ ತಿಂಗಳುಗಟ್ಟಲೆ ನೆನೆಹಾಕಬೇಕು. ಇಲ್ಲದಿದ್ದರೆ ಒಣಗಿದಾಗ ಹರಳುಗಟ್ಟಿ ಪುಡಿಪುಡಿ.

ನಮ್ಮ ದೇಶದಲ್ಲಿ ಇದನ್ನು ಶುರು ಮಾಡಿದ್ದು ಯಾರು ಗೊತ್ತಾ? ಎಸ್.ಆರ್. ರಾವ್. ಪೂರ್ತಿ ಹೆಸರು ಶಿಕಾರಿಪುರ ರಂಗನಾಥ ರಾವ್. ಹೌದು, ನಮ್ಮ ಪಕ್ಕದ ಶಿಕಾರಿಪುರವೇ. 1981ರಲ್ಲಿ ಗೋವಾದ ರಾಷ್ಟ್ರೀಯ ಸಾಗರವಿಜ್ಞಾನ ಸಂಸ್ಥೆಯಲ್ಲಿ ಸಾಗರ ಪುರಾತತ್ವದ ಕೆಲಸ ಕಟ್ಟಿದರು. ಅಷ್ಟೊತ್ತಿಗೆ ಅವರಿಗೆ ಅರವತ್ತರ ಹತ್ತಿರ! ಅದಕ್ಕೂ ಮುಂಚೆ, 1955ರಿಂದ 1962ರವರೆಗೆ, ಗುಜರಾತಿನ ಲೋಥಲ್ ಎಂಬ ಹರಪ್ಪಾ ಕಾಲದ ಊರನ್ನು ಅಗೆದವರೂ ಅವರೇ.

ಬೆಣ್ಣೆದೋಸೆ, ದಾವಣಗೆರೆ

ಶಿಕಾರಿಪುರದವರು ಸಮುದ್ರಕ್ಕೆ, ದಾವಣಗೆರೆಯವರು ನೇತ್ರಾಣಿಗೆ. ಅಕ್ಕಾ, ಒಪ್ಪಿದೆ. ಬಯಲುಸೀಮೆಯವರನ್ನ ನೀರಿನಿಂದ ದೂರ ಇಡೋಕೆ ಆಗಲ್ಲ.

ಸೂಳೆಕೆರೆ ಹಿಂದಿನ ತೋಟ, ಚನ್ನಗಿರಿ

ಲೋಥಲ್ ಅಂದ್ರೆ ಆ ಇಟ್ಟಿಗೆ ತೊಟ್ಟಿ ಅಲ್ವಾ? ಅದು ಹಡಗುಕಟ್ಟೆ ಅಲ್ಲ, ಕೆರೆ ಅಂತ ಯಾರೋ ವಾದ ಮಾಡಿದ್ದು ಕೇಳಿದ್ದೆ.

ಹಿರಿಯೂರು ಮೇಷ್ಟ್ರು

ಸರಿಯಾಗಿ ಕೇಳಿದ್ದೀರಿ. ಸುಮಾರು 218 ಮೀಟರ್ ಉದ್ದ, 37 ಮೀಟರ್ ಅಗಲದ ಸುಟ್ಟ ಇಟ್ಟಿಗೆ ಕಟ್ಟೆ. ಎಸ್.ಆರ್. ರಾವ್ ಅದನ್ನು ಹಡಗುಕಟ್ಟೆ ಅಂದರು. ಲೆಶ್ನಿಕ್ ಎಂಬ ವಿದ್ವಾಂಸರು ಇದು ನೀರಾವರಿಯ ಕೆರೆ ಇರಬೇಕು ಅಂದರು. ನೋಡಿ, 'ಈ ಕೆರೆಗೆ ಹಡಗು ಬರ್ತಿತ್ತಾ' ಅಂತ ನಾಲ್ಕನೇ ಕ್ಲಾಸಿನ ಹುಡುಗಿ ಕೇಳಿದ್ದನ್ನೇ ದೊಡ್ಡವರು ದಶಕಗಟ್ಟಲೆ ಕೇಳಿಕೊಂಡಿದ್ದಾರೆ. ಆಮೇಲೆ ಆ ಹೂಳಿನಲ್ಲಿ ಸಮುದ್ರದ ಸೂಕ್ಷ್ಮ ಜೀವಿಗಳ ಚಿಪ್ಪು ಸಿಕ್ಕವು. ಪರ್ಷಿಯಾ ಕೊಲ್ಲಿಯ ಕಡೆಯ ಒಂದು ದುಂಡು ಮುದ್ರೆಯೂ ಲೋಥಲ್‌ನಲ್ಲಿ ಸಿಕ್ಕಿದೆ. ನನ್ನ ಓಟು ಹಡಗಿಗೆ.

ಪಾರ್ಥಸಾರಥಿ ಭಕ್ತ, ಹರಿಹರ

ಎಲ್ಲ ಸರಿ. ಆದರೆ ದ್ವಾರಕೆ ಸಿಕ್ಕಿದೆ ಅಂತ ಯಾರೂ ಬಾಯಿಬಿಟ್ಟು ಹೇಳುತ್ತಿಲ್ಲ ಯಾಕೆ? ಗೋಡೆ ಸಿಕ್ಕಿದೆ, ಲಂಗರು ಸಿಕ್ಕಿದೆ. ಖಂಭಾತ್ ಕೊಲ್ಲಿಯಲ್ಲಿ 9,500 ವರ್ಷದ ಹಳೆಯ ನಗರ ಸಿಕ್ಕಿದೆ. ನಮ್ಮದು ಅಂದ ಕೂಡಲೇ ಅನುಮಾನ, ರೋಮ್ ಅಂದ ಕೂಡಲೇ ನಂಬಿಕೆ. ಇದು ಯಾವ ನ್ಯಾಯ?

ನೀರಿಗಿಳಿದವಳು

ಅಣ್ಣಾ, ಕೋಪ ಬೇಡ. ನನಗೂ ಕೃಷ್ಣ ಇಷ್ಟ. ಆದರೆ ನೀರಿನ ಸಮಸ್ಯೆ ಏನು ಅಂತ ಹೇಳುತ್ತೇನೆ, ನೀವೇ ತೀರ್ಮಾನ ಮಾಡಿ.

ದ್ವಾರಕೆ ಮತ್ತು ಬೇಟ್ ದ್ವಾರಕೆಯ ನೀರಿನಲ್ಲಿ ನೂರಕ್ಕೂ ಹೆಚ್ಚು ಕಲ್ಲಿನ ಲಂಗರು ಸಿಕ್ಕಿರುವುದು ನಿಜ. ತುಂಬಾ ಕಾಲ ಹಡಗುಗಳು ಬಂದು ನಿಂತ ಜಾಗ ಅದು, ಅದರಲ್ಲಿ ಸಂಶಯ ಇಲ್ಲ. ಆದರೆ ಕಲ್ಲಿಗೆ ಕಾರ್ಬನ್ ಪರೀಕ್ಷೆ ಮಾಡೋಕೆ ಬರಲ್ಲ. ಮಣ್ಣಿನ ಪದರದಲ್ಲಿ ಹೂತಿದ್ದರೆ ಪಕ್ಕದ ವಸ್ತು ನೋಡಿ ಕಾಲ ಹೇಳಬಹುದು, ಮೇಷ್ಟ್ರು ಚಂದ್ರವಳ್ಳಿಗೆ ಹೇಳಿದ ಹಾಗೆ. ಇವು ಬರಿಯ ಬಂಡೆ ಮೇಲೆ ಬಿದ್ದಿವೆ. ರಾವ್ ಅವರು ಕ್ರಿ.ಪೂ. 1500ರ ಆಸುಪಾಸು ಅಂದರು. ಗೋವಾದ ಅದೇ ಸಂಸ್ಥೆಯಲ್ಲಿ ಆಮೇಲೆ ಕೆಲಸ ಮಾಡಿದವರು, ಈ ಲಂಗರುಗಳ ಆಕಾರ ಬೇರೆ ಕಡೆ ಸಿಕ್ಕ ತೀರಾ ಈಚಿನ ಲಂಗರುಗಳಿಗೆ, ಅರಬರ ಜೊತೆ ವ್ಯಾಪಾರ ಜೋರಾಗಿದ್ದ ಕಾಲದವಕ್ಕೆ, ಜಾಸ್ತಿ ಹೋಲುತ್ತದೆ ಅಂದರು. ಬೇಟ್ ದ್ವಾರಕೆಯಲ್ಲಿ ಹರಪ್ಪಾ ಕಾಲದ ಕೊನೆಯ ಹಂತದ ಶಂಖದ ಮುದ್ರೆ ಸಿಕ್ಕಿದೆ, ಮೂರು ತಲೆಯ ಪ್ರಾಣಿ ಇರುವುದು. ಅಲ್ಲಿ ಹಳೆಯ ಊರು ಇತ್ತು ಅನ್ನೋಕೆ ಅದು ಗಟ್ಟಿ ಸಾಕ್ಷಿ. ಅದು ಯಾರ ಊರು ಅಂತ ಮುದ್ರೆ ಹೇಳಲ್ಲ. 2025ರ ಫೆಬ್ರವರಿಯಲ್ಲಿ ಪುರಾತತ್ವ ಇಲಾಖೆಯವರು ಮತ್ತೆ ಇಳಿದಿದ್ದಾರೆ, ಆಲೋಕ್ ತ್ರಿಪಾಠಿ ಅವರ ತಂಡ. ಟಿವಿಯಲ್ಲಿ ಬಂದದ್ದು ಅದೇ.

ಖಂಭಾತ್ ಮಾತ್ರ ನಾನು ಒಪ್ಪಲ್ಲ. ಅಲ್ಲಿ ಯಾರೂ ಕೆಳಗೆ ಹೋಗಿ ಅಗೆದಿಲ್ಲ. ಮೇಲಿಂದ ಕೊಕ್ಕೆ ಹಾಕಿ ಬಾಚಿದರು. ಆ ಕೊಲ್ಲಿಯ ಉಬ್ಬರ ಇಳಿತ ದೇಶದಲ್ಲೇ ಭಯಂಕರ, ನೀರಿನ ಸೆಳೆತಕ್ಕೆ ಮರದ ತುಂಡು ಎಲ್ಲಿಂದ ಎಲ್ಲಿಗಾದರೂ ಹೋಗುತ್ತದೆ. ಮರ ಹಳೆಯದು ಅಂದ ಮಾತ್ರಕ್ಕೆ ನಗರ ಹಳೆಯದಾಗಲ್ಲ. ನಮ್ಮ ಹೊಳೆ ಬಂದಾಗ ಮೇಲಿನ ಊರಿನ ತೆಂಗಿನಕಾಯಿ ಹರಿಹರದ ಘಟ್ಟಕ್ಕೆ ಬರುವುದಿಲ್ವಾ? ಅದನ್ನು ನೋಡಿ ಹೊಳೆಯೊಳಗೆ ತೆಂಗಿನ ತೋಟ ಇತ್ತು ಅನ್ನೋಕಾಗುತ್ತಾ?

ಪಾರ್ಥಸಾರಥಿ ಭಕ್ತ, ಹರಿಹರ

ತೆಂಗಿನಕಾಯಿ ಮಾತು ಒಪ್ಪಿದೆ ತಂಗಿ. ದ್ವಾರಕೆ ವಿಷಯ ನಾನು ಇನ್ನೂ ಬಿಟ್ಟಿಲ್ಲ.

ನೀರಿಗಿಳಿದವಳು

ಬಿಡಬೇಡಿ. ಪುರಾತತ್ವ ಇಲಾಖೆಯವರೂ ಬಿಟ್ಟಿಲ್ಲವಲ್ಲ.

ಕೋಟೆ ಕೆಳಗಿನವ

ಅಕ್ಕಾ, ನಮ್ಮ ಕರಾವಳಿ ಬಗ್ಗೆ ಕೇಳಿದ್ದೆ. ಮರೆತುಬಿಟ್ಟಿರಿ.

ನೀರಿಗಿಳಿದವಳು

ಮರೆತಿಲ್ಲ, ಊಟಕ್ಕೆ ಹೋಗಿದ್ದೆ.

ನಮ್ಮ ಕಡೆ ಎರಡು ತೊಂದರೆ. ಒಂದು, ಬೆಚ್ಚಗಿನ ಉಪ್ಪುನೀರಿನಲ್ಲಿ ಮರ ಉಳಿಯಲ್ಲ. ಮರ ಕೊರೆಯುವ ಹುಳ ಇದೆ, ಗೆದ್ದಲಿನ ಅಪ್ಪ. ಸ್ವೀಡನ್‌ನ ವಾಸಾ ಹಡಗು 1628ರಲ್ಲಿ ಮುಳುಗಿ 1961ರಲ್ಲಿ ಹೆಚ್ಚುಕಡಿಮೆ ಇಡಿಯಾಗಿ ಮೇಲೆ ಬಂತು, ಯಾಕೆಂದರೆ ಬಾಲ್ಟಿಕ್ ನೀರಿನಲ್ಲಿ ಉಪ್ಪು ಕಡಿಮೆ, ಆ ಹುಳ ಅಲ್ಲಿ ಬದುಕಲ್ಲ. ನಮ್ಮ ಕಡೆ ಕೆಸರಿನಲ್ಲಿ ಹೂತುಹೋದದ್ದು ಮಾತ್ರ ಉಳಿಯುತ್ತದೆ. ಶ್ರೀಲಂಕಾದ ಗೋಡವಾಯ ಹತ್ತಿರ ಸುಮಾರು 30 ಮೀಟರ್ ಆಳದಲ್ಲಿ ಎರಡು ಸಾವಿರ ವರ್ಷದ ಹಳೆಯ ಹಡಗಿನ ಅವಶೇಷ ಇದೆ. ಹಿಂದೂ ಮಹಾಸಾಗರದಲ್ಲಿ ಇದುವರೆಗೆ ಸಿಕ್ಕವುಗಳಲ್ಲಿ ಅದೇ ಹಳೆಯದು. ಅದರಲ್ಲಿದ್ದದ್ದು ಏನು? ಗಾಜಿನ ಗಟ್ಟಿ, ಕಬ್ಬಿಣ, ಅರೆಯುವ ಕಲ್ಲು. ಚಿನ್ನದ ಪೆಟ್ಟಿಗೆ ಅಲ್ಲ.

ಎರಡನೇ ತೊಂದರೆ ಹೂಳು. ಬಾರ್ಕೂರು, ಬಸ್ರೂರು ಒಂದು ಕಾಲಕ್ಕೆ ದೊಡ್ಡ ಬಂದರು. ಈಗ ಹೋದರೆ ಹೊಳೆ ದಂಡೆಯ ಊರು ಅಷ್ಟೇ. ಘಟ್ಟದ ಮಳೆ ತಂದ ಮಣ್ಣು ಬಾಯಿ ಮುಚ್ಚಿಬಿಟ್ಟಿತು. ಕೇರಳದ ಹಳೆಯ ಬಂದರು ಮುಜಿರಿಸ್ ಕಥೆಯೂ ಅದೇ. ಅದು ಇದ್ದದ್ದು ಇಲ್ಲೇ ಇರಬೇಕು ಅನ್ನುವ ಪಟ್ಟಣಂ ಎಂಬ ಹಳ್ಳಿಯಲ್ಲಿ 2007ರಲ್ಲಿ ಮನೆಗಳ ನಡುವಿನ ತೋಟ ಅಗೆದಾಗ ಕೆಸರಿನಲ್ಲಿ ಹೆಬ್ಬಲಸಿನ ಮರದ ದೋಣಿ ಸಿಕ್ಕಿತು, ಅದರ ಪಕ್ಕದಲ್ಲಿ ದೋಣಿಯನ್ನು ಹಗ್ಗದಿಂದ ಕಟ್ಟಿ ನಿಲ್ಲಿಸುವ ತೇಗದ ಗೂಟಗಳು. ಹಾಗಾಗಿ ನಮ್ಮ ಕರಾವಳಿಯ ಹಳೆಯ ಹಡಗು ಹುಡುಕಬೇಕಾದರೆ ಸಮುದ್ರಕ್ಕಿಂತ ಅಡಿಕೆ ತೋಟದ ಕೆಳಗೆ ನೋಡುವುದು ಮೇಲೇನೋ ಅನಿಸುತ್ತದೆ.

ಇನ್ನೊಂದು ನನಗೆ ತುಂಬಾ ಇಷ್ಟ. 12ನೇ ಶತಮಾನದಲ್ಲಿ ಅಬ್ರಹಾಂ ಬೆನ್ ಯಿಜು ಅಂತ ಯಹೂದಿ ವ್ಯಾಪಾರಿ ಮಂಗಳೂರಿನಲ್ಲಿ ಇದ್ದ. ಹಳೆ ತಾಮ್ರದ ಪಾತ್ರೆ ಕರಗಿಸಿ ಹೊಸದು ಮಾಡಿಸುತ್ತಿದ್ದ. ಅವನ ಹೆಂಡತಿ ಆಶು, ಅವನ ವ್ಯಾಪಾರ ನೋಡಿಕೊಳ್ಳುತ್ತಿದ್ದ ಆಳು ಬೊಮ್ಮ. ನಮ್ಮ ಬೊಮ್ಮಣ್ಣನೇ! ಇವರ ಕಾಗದ ಪತ್ರಗಳು ಈಜಿಪ್ಟಿನ ಕೈರೋದ ಒಂದು ಪ್ರಾರ್ಥನಾ ಮಂದಿರದಲ್ಲಿ ಉಳಿದವು. ಅದರಲ್ಲಿ ಒಂದು ಕಾಗದ ಏಡನ್‌ನಿಂದ ಬಂದದ್ದು: ನಿನ್ನ ಸರಕು ಇದ್ದ ಹಡಗು ಮುಳುಗಿತು, ಮೆಣಸು ಹೋಯಿತು, ಆದರೆ ಮುಳುಗುಗಾರರನ್ನು ಕಳಿಸಿ ಕಬ್ಬಿಣದಲ್ಲಿ ಸುಮಾರು ಅರ್ಧ ಎತ್ತಿಸಿದೆವು ಅಂತ. ಗಾಳಿಯ ಸಿಲಿಂಡರ್ ಇಲ್ಲ, ಕನ್ನಡಕ ಇಲ್ಲ, ಉಸಿರು ಕಟ್ಟಿಕೊಂಡು ಇಳಿದವರು. ನಾನು ಸಿಲಿಂಡರ್ ಬೆನ್ನಿಗೆ ಕಟ್ಟಿಕೊಂಡಾಗಲೆಲ್ಲ ಅವರು ನೆನಪಾಗುತ್ತಾರೆ.

ಹಿರಿಯೂರು ಮೇಷ್ಟ್ರು

ಬೊಮ್ಮನ ಹೆಸರು ಬಂದದ್ದು ಒಳ್ಳೆಯದಾಯಿತು. ಸಮುದ್ರ ಅಂದ ಕೂಡಲೇ ನಾವು ಗುಜರಾತಿ, ತಮಿಳು ಅನ್ನುತ್ತೇವೆ. 634ರ ಐಹೊಳೆ ಶಾಸನದಲ್ಲಿ ಇಮ್ಮಡಿ ಪುಲಕೇಶಿ ಮದ್ದಾನೆಗಳ ಹಿಂಡಿನಂಥ ನೂರಾರು ಹಡಗು ತೆಗೆದುಕೊಂಡು ಪಶ್ಚಿಮ ಸಮುದ್ರದ ಪುರಿಯ ಮೇಲೆ ಬಿದ್ದ ಅಂತ ಇದೆ. ಅದೇ ಐಹೊಳೆಯ ಐನೂರ್ವರು ಎಂಬ ವರ್ತಕರ ಸಂಘದ ಹೆಸರು 1088ರಲ್ಲಿ ಸುಮಾತ್ರಾದ ಒಂದು ತಮಿಳು ಶಾಸನದಲ್ಲಿ ಬರುತ್ತದೆ. ಚಂದ್ರವಳ್ಳಿಯಲ್ಲಿ ಬಂಡೆ ಮೇಲೆ ಮಯೂರಶರ್ಮನ ಶಾಸನ ಇದೆಯಲ್ಲ, ಅದರಲ್ಲಿ ಕೆರೆಯ ಮಾತಿದೆ. ಕೆರೆ ಕಟ್ಟಿದ ಆ ಕದಂಬರ ಹೆಸರು ಹೊತ್ತ ಗೋವೆಯ ಕದಂಬರು ಮುಂದೆ ವೀರಗಲ್ಲಿನ ಮೇಲೆ ಹಡಗು ಕೆತ್ತಿಸಿದರು. ಕೆರೆಯಿಂದ ಕಡಲಿಗೆ ಅಷ್ಟು ದೂರ ಏನಿಲ್ಲ ನೋಡಿ.

ಹರಿಗೋಲು, ಹರಿಹರ

ಹಡಗಿನ ಮಾತು ಸಾಕು, ನಮ್ಮ ಹರಿಗೋಲಿಗೂ ಒಂದು ಸಾಲು ಕೊಡಿ. ನಮ್ಮಜ್ಜ ತುಂಗಭದ್ರೆಯಲ್ಲಿ ಹುಟ್ಟು ಹಾಕುತ್ತಿದ್ದವರು. ಬಿದಿರಿನ ಬುಟ್ಟಿ, ಮೇಲೆ ಚರ್ಮ. ಒಂದು ಮೊಳೆ ಇಲ್ಲ.

ನೀರಿಗಿಳಿದವಳು

ಮೊಳೆ ಇಲ್ಲದ ಮಾತು ಹೇಳಿದಿರಿ, ಧನ್ಯವಾದ. ಹಳೆಯ ಅರಬ್ಬೀ ಸಮುದ್ರದ ಹಡಗುಗಳೂ ಹಾಗೇ. ಹಲಗೆಗೆ ತೂತು ಕೊರೆದು ತೆಂಗಿನ ನಾರಿನ ಹಗ್ಗದಿಂದ ಹೊಲಿಯುತ್ತಿದ್ದರು. ಬಂಡೆಗೆ ಬಡಿದರೆ ಮೊಳೆ ಹೊಡೆದ ಹಲಗೆ ಸೀಳುತ್ತದೆ, ಹೊಲಿದ ಹಲಗೆ ಸ್ವಲ್ಪ ಬಳುಕುತ್ತದೆ. 2025ರ ಮೇ 21ರಂದು ನಮ್ಮ ಕಾರವಾರದಲ್ಲೇ ನೌಕಾಪಡೆಗೆ ಅಂಥ ಒಂದು ಹೊಲಿದ ಹಡಗು ಸೇರಿತು. ಐಎನ್‌ಎಸ್‌ವಿ ಕೌಂಡಿನ್ಯ. ಅಜಂತಾದ ಚಿತ್ರ ನೋಡಿ ಕೇರಳದ ಬಡಗಿಗಳು ಕಟ್ಟಿದ್ದು. ಹಾಯಿಯ ಮೇಲೆ ಗಂಡಭೇರುಂಡ, ಹಡಗಿನ ಮೇಲೆ ಹರಪ್ಪಾ ಮಾದರಿಯ ಕಲ್ಲಿನ ಲಂಗರು.

ಸೂಳೆಕೆರೆ ಹಿಂದಿನ ತೋಟ, ಚನ್ನಗಿರಿ

ಕಲ್ಲಿನ ಲಂಗರು ಹೇಗಿರುತ್ತೆ ಮೇಡಂ? ನಮ್ಮ ಕೊಟ್ಟಿಗೆಯಲ್ಲಿ ತೂತು ಇರುವ ಒಂದು ದೊಡ್ಡ ಕಲ್ಲಿದೆ. ಅಜ್ಜನ ಕಾಲದಿಂದ ಇದೆ. ಎಮ್ಮೆ ಕಟ್ಟುತ್ತೇವೆ.

ನೀರಿಗಿಳಿದವಳು

ಹಾಹಾ, ತಡೀರಿ. ಒಂದು ಬಗೆ ತ್ರಿಕೋನ. ಮೇಲೆ ಹಗ್ಗಕ್ಕೆ ಒಂದು ದುಂಡು ತೂತು, ಕೆಳಗೆ ಎರಡು ಚೌಕ ತೂತು. ಆ ಚೌಕದಲ್ಲಿ ಮರದ ಗೂಟ ತೂರಿಸುತ್ತಾರೆ, ಅದು ತಳದ ಮರಳಿಗೆ ಕಚ್ಚಿಕೊಳ್ಳುತ್ತದೆ. ಇನ್ನೊಂದು ಬಗೆ ಉದ್ದ ಕಂಬದ ಹಾಗೆ. ಮತ್ತೊಂದು ಸುಮ್ನೆ ಉಂಗುರದ ಹಾಗೆ ಒಂದೇ ತೂತು. ನಿಮ್ಮದು ಯಾವುದು?

ಕೋಟೆ ಕೆಳಗಿನವ

ಅವರು ಅಳೆಯುವಷ್ಟರಲ್ಲಿ ನಾನು ಹೇಳಿಬಿಡುತ್ತೇನೆ. ಇದನ್ನೆಲ್ಲ ಮಗಳಿಗೆ ಓದಿ ಹೇಳಿದೆ. ಹೇರೆತ್ತು ಅವಳಿಗೆ ಹಿಡಿಸಿತು. ಈಗ ಹೊಸ ಪ್ರಶ್ನೆ: ಹಡಗು ಜಾಸ್ತಿ ದಿನ ತೆಗೆದುಕೊಂಡಿತಾ, ಎತ್ತಾ?

ಹಿರಿಯೂರು ಮೇಷ್ಟ್ರು

ಲೆಕ್ಕ ಹಾಕೋಣ. ಮುಂಗಾರು ಗಾಳಿ ಹಿಡಿದರೆ ಕೆಂಪು ಸಮುದ್ರದ ಬಾಯಿಂದ ಮುಜಿರಿಸ್‌ಗೆ 40 ದಿನ ಅಂತ ರೋಮ್‌ನ ಪ್ಲಿನಿ ಬರೆದಿದ್ದಾನೆ. ನಮ್ಮ ದಂಡೆಯಿಂದ ದುರ್ಗಕ್ಕೆ ಸುತ್ತುದಾರಿ 300 ಕಿ.ಮೀ. ಇಟ್ಟುಕೊಳ್ಳಿ. ಹೇರು ಹೊತ್ತ ಎತ್ತು ದಿನಕ್ಕೆ 15 ಕಿ.ಮೀ. ನಡೆದರೆ 20 ದಿನ. ಆದರೆ ಮುಂಗಾರಿನಲ್ಲಿ ಘಟ್ಟ ಹತ್ತೋಕೆ ಆಗಲ್ಲ, ಮಳೆ ನಿಲ್ಲುವವರೆಗೆ ಕಾಯಬೇಕು. ಜಾಣೆಗೆ ಕೇಳಿ, ಕಾದ ದಿನ ಯಾರ ಲೆಕ್ಕಕ್ಕೆ ಹಾಕುತ್ತಾಳೆ ಅಂತ.

ಕೋಟೆ ಕೆಳಗಿನವ

ಎತ್ತಿನ ಲೆಕ್ಕಕ್ಕೆ ಬೇಡವಂತೆ. ಅದು ಹುಲ್ಲು ತಿನ್ನುತ್ತಾ ಆರಾಮಾಗಿತ್ತಂತೆ.

ಸೂಳೆಕೆರೆ ಹಿಂದಿನ ತೋಟ, ಚನ್ನಗಿರಿ

ಅಳೆದೆ ಮೇಡಂ. ಒಂದೇ ತೂತು, ದುಂಡಗಿದೆ, ಒಳಗೆ ನನ್ನ ಮಗ ಇಳಿಯುವಷ್ಟು ಅಗಲ. ಹಗ್ಗಕ್ಕೆ ಇಷ್ಟು ದೊಡ್ಡ ತೂತು ಯಾಕೆ ಅಂತ ನನಗೇ ಅನುಮಾನ ಬಂತು. ಒಳಗಿಂದ ನಮ್ಮವ್ವ ಕೂಗಿ ಹೇಳಿದಳು, ಅದು ಹಗೇವಿನ ಬಾಯಿಗೆ ಹಾಕಿದ್ದ ಕಲ್ಲಂತೆ. ಅದರೊಳಗೆ ಇಳಿದು ಜೋಳ ಎತ್ತುತ್ತಿದ್ದರಂತೆ.

ನೀರಿಗಿಳಿದವಳು

ಅದೂ ಉಸಿರು ಕಟ್ಟಿಕೊಂಡೇ ಇಳಿಯುವ ಕೆಲಸ. ಒಂದು ಫೋಟೋ ಹಾಕಿ ಅಣ್ಣಾ, ಎಮ್ಮೆಯೂ ಇರಲಿ.